ತುಕ್ಕಿನ ಇಲಾಖೆ

ಕುಲುಮೆ ಅವರದು. ತುಕ್ಕಿನ ಇಲಾಖೆ ನನ್ನದು.

ಮಧುಗಿರಿ ಬೆಟ್ಟದ ನೆರಳು ಹಿತ್ತಿಲಿಗೆ ಇಳಿಯುವ ಹೊತ್ತಿಗೆ
ಇವರು ಲಾರಿಯ ಕಮಾನುಪಟ್ಟಿ ಕಾಯಿಸಿ
ರೋಮಿನವರ ಕತ್ತಿ ಬಡಿಯುತ್ತಾರೆ.
ಮೊಳದ ಮೇಲೆ ನಾಲ್ಕು ಬೆರಳು ಅಲಗು, ಕಡಜದ ಸೊಂಟ,
ಹಿಡಿಗೆ ಕೋಣದ ಮೂಳೆ, ಅದರ ತುದಿಗೆ
ಹುಣಸೆ ಚೇಗಿನ ಗುಂಡು.
ನಕ್ಷೆ ಬರುವುದು ಫೋನಿಗೆ, ಎಲ್ಲ ಮಿಲಿಮೀಟರಿನಲ್ಲಿ.
ಇವರು ಬೆರಳಲ್ಲಿ ಅಳೆದು ಬಡಿದು
ಆಮೇಲೆ ಮಿಲಿಮೀಟರಿಗೆ ಉಜ್ಜುತ್ತಾರೆ.

ಕೊಳ್ಳುವವರಲ್ಲಿ ಎರಡು ಜಾತಿ.
ಆಡುವವರಿಗೆ ಹೊಳಪು ಬೇಕು, ಮಸೆತ ಬೇಡ.
ಕೂಡಿಡುವವರಿಗೆ ಹಳೆತನ ಬೇಕು,
ನಿನ್ನೆ ಹುಟ್ಟಿದ್ದು
ಎರಡು ಸಾವಿರ ವರ್ಷ ಮಣ್ಣಲ್ಲಿ ಮಲಗೆದ್ದಂತೆ ಕಾಣಬೇಕು.
ಹಾಗಂತ ಸುಳ್ಳು ವ್ಯಾಪಾರವಲ್ಲ ನಮ್ಮದು,
ಹಿಡಿಯ ಅಡಿಯಲ್ಲಿ ಇಸವಿ ಕೊರೆದೇ ಕಳಿಸುವುದು.

ಅತ್ತೆ ಕಲಿಸಿದ್ದು ತುಕ್ಕು ಬಿಡಿಸುವುದನ್ನು.
ಹುಣಸೆಹಣ್ಣು ಹಚ್ಚು, ಬೂದಿ ಹಾಕು, ತೆಂಗಿನ ನಾರಲ್ಲಿ ತಿಕ್ಕು;
ಕುಡುಗೋಲು ಕೆಂಪಾದರೆ ಕಮ್ಮಾರನ ಹೆಂಡತಿಗೆ ಮುಖವಿಲ್ಲ
ಅನ್ನುತ್ತಿದ್ದಳು.
ನಾನು ಅದೇ ಮಡಕೆಯಲ್ಲಿ ಉಪ್ಪು, ಹುಳಿಮಜ್ಜಿಗೆ ಕಲಸಿ
ಗೋಣಿತಟ್ಟು ಅದ್ದಿ, ಸುತ್ತಿ,
ಬಚ್ಚಲ ನೀರು ಹರಿಯುವ ಬಾಳೆ ಬುಡದಲ್ಲಿ ಹೂಳುತ್ತೇನೆ.
ಒಂಬತ್ತು ದಿನಕ್ಕೆ ನೂರು ವರ್ಷ.
ಮೂರು ವಾರಕ್ಕೆ ಸಾವಿರ.
ಅಮಾವಾಸ್ಯೆ ದಾಟಿದರೆ ರೋಮು.
ಇನ್ನೂ ಬಿಟ್ಟರೆ ತೂತು ಬೀಳುತ್ತದೆ, ದುಡ್ಡು ಕಡಿತ.
ಅಗೆದು ತೆಗೆಯುವಾಗ ಒಂದು ಸಲ ಎಣಿಕೆ ತಪ್ಪಿತು.
ಒಂದು ಕಮ್ಮಿ. ಬಾಳೆಬೇರನ್ನು ಕೇಳುವುದಾದರೂ ಹೇಗೆ.

ಯಾರೋ ದೂರು ಕೊಟ್ಟರು,
ಆಚಾರ್ರ ಹಿತ್ತಿಲಲ್ಲಿ ಕತ್ತಿ ಹೂತವ್ರೆ ಅಂತ.
ಜೀಪು ಬಂತು. ಇಬ್ಬರು ಪೇದೆ, ಒಬ್ಬ ಹೊಸ ಎಸ್ಸೈ.
‘ಯಾರ ಕತ್ತಿ?’
‘ರೋಮಿನೋರದು ಸಾಮಿ.’
‘ಯಾವ ಹೋಬಳಿ?’
ಇವರು ಮುಂದೆ ಮಾತಾಡಲಿಲ್ಲ. ಹೆಸರೇ ಮೌನಾಚಾರಿ.
ನಾನೇ ಒಳಗಿಂದ ಸೌತೆಕಾಯಿ ತಂದು
ಅಡಿಗಲ್ಲ ಮೇಲಿಟ್ಟೆ. ಕೊಯ್ಯಿರಿ ಅಂದೆ.
ಎಸ್ಸೈ ಬೀಸಿದರು.
ಸೌತೆಕಾಯಿ ನಜ್ಜುಗುಜ್ಜಾಯಿತು, ಹೋಳಾಗಲಿಲ್ಲ.
ಬೀಜ ಖಾಕಿ ಅಂಗಿಗೆ ಸಿಡಿಯಿತು.
ಹಿರಿಯ ಪೇದೆ ಮೀಸೆಯೊಳಗೇ ನಕ್ಕ.
ಕಾಗದ ಬರೆದು ರುಜು ಹಾಕಿಸಿಕೊಂಡು ಹೋದರು:
ಕತ್ತಿಯಂಥ ವಸ್ತು. ಕೊಯ್ಯುವುದಿಲ್ಲ.

ಇವರಿಗೆ ಅದು ಚುಚ್ಚಿತು.
ಅಪ್ಪ ಬಡಿದ ಮಚ್ಚಿಗೆ ಎಳನೀರು ಒಂದೇ ಏಟು,
ನಾನು ಬಡಿದದ್ದು ಸೌತೆಕಾಯಿಗೂ ಆಗದು ಅಂತ
ಆ ರಾತ್ರಿ ಮುದ್ದೆ ಮುರಿಯದೆ ಕೂತರು.
ಹೊಂಗೆಣ್ಣೆಗೆ ಇಳಿಸಿದಾಗ
ಕೊಯ್ಯುವುದೂ ಕೊಯ್ಯದ್ದೂ ಚೊಯ್ಯನ್ನುವುದು ಒಂದೇ ಥರ,
ಅದನ್ನೇ ಹೇಳಿದೆ. ಕೇಳಿಸಿಕೊಂಡರೋ ಇಲ್ಲವೋ.

ಆಮೇಲೊಂದು ವಿಡಿಯೊ ಬಂತು, ಯಾವುದೋ ಚಳಿದೇಶದಿಂದ.
ಕೆಂಪು ಬಟ್ಟೆಯ ದಂಡು, ಹಸಿರು ಬಯಲು, ಬಿಳಿ ಮೊಣಕಾಲುಗಳು.
ನಮ್ಮ ಕತ್ತಿಗಳ ಗುರುತು ಸಿಕ್ಕಿತು, ಗುಂಡಿನಿಂದ.
ಅರಚಿದರು, ತಿವಿದರು, ಬಿದ್ದರು.
ಬಿದ್ದವರನ್ನು ಎಣಿಸಿದೆ. ಹನ್ನೊಂದು.
ಎಲ್ಲೋ ಸೀಟಿ ಕೇಳಿತು.
ಹನ್ನೊಂದೂ ಜನ ಎದ್ದು, ಹುಲ್ಲು ಕೊಡವಿಕೊಂಡು,
ಕೊಂದವರ ಹತ್ತಿರವೇ ಬಾಟಲಿ ಇಸಿದುಕೊಂಡು ನೀರು ಕುಡಿದರು.
ಮತ್ತೆ ಹಾಕು ಅಂದರು ಇವರು.
ಮತ್ತೆ.
ಬೀಳುವಾಗ ಬೀಡಿ ಹುಡುಕುತ್ತಿದ್ದರು,
ಏಳುವಾಗ ನೋಡುತ್ತಿದ್ದರು.

ನಮ್ಮೂರ ದೇವಿಯೂ ದಂಡಿನ ಮಾರಮ್ಮನೇ.
ಆ ದಂಡಿನಲ್ಲಿ ಎಷ್ಟು ಜನ ಎದ್ದು ಮನೆಗೆ ಹೋದರೋ
ಅವಳನ್ನು ಯಾರೂ ಕೇಳಿಲ್ಲ.

ಮೊನ್ನೆ ಬಾಳೆಗೊನೆ ಕಡಿದು ಬುಡ ಕೀಳುವಾಗ
ಎಣಿಕೆಗೆ ಸಿಗದಿದ್ದ ಆ ಒಂದು ಸಿಕ್ಕಿತು,
ಮೈತುಂಬ ತೂತು, ಮೊನೆ ಸೊಟ್ಟ.
ನನ್ನ ಲೆಕ್ಕದಲ್ಲಿ ರೋಮಿಗಿಂತ ಹಳೆಯದು, ಮಾರುವಂತಿಲ್ಲ.
ಗಳುವಿನ ತುದಿಗೆ ಕಟ್ಟಿ ಹುಣಸೆ ಬಡಿದೆ.
ಎರಡು ಮಂಕರಿ ಆಯಿತು.
ಒಂದು ಸಾರಿಗೆ,
ಒಂದು ತುಕ್ಕು ಬಿಡಿಸಲು.